ತುಳಸಿ ನೀರು

ಅಮ್ಮಾ,

ಇವತ್ತು ಮಲೇಷ್ಯಾದ ಮೆಲಾಕಾದಲ್ಲಿರುವ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಮೆಕ್ಸಿಕೋದ ತುಂಬ ಹಳೆಯ ಕಪ್ಪು-ಬಿಳುಪು ಸಿನಿಮಾ ತೋರಿಸಿದರು. ಅದರಲ್ಲಿ ಒಬ್ಬ ಪಾದ್ರಿ ಮಠದ ನಿಯಮ ಹೇಳಿ, ಸಾಯುತ್ತಿರುವವನಿಗೆ ಪರಮಪ್ರಸಾದದ ರೊಟ್ಟಿ ಕೊಡುವುದಿಲ್ಲ. ಆಮೇಲೆ ಕತ್ತಲ ಕಾರಿಡಾರುಗಳಲ್ಲೆಲ್ಲ ಪಾದ್ರಿಗೆ ಸತ್ತವನ ತೆರೆದ ಬಾಯಿಯೇ ಕಾಣುತ್ತದೆ.

ಪಕ್ಕದಲ್ಲಿ ಕೂತಿದ್ದ ನಿನ್ನ ಮೊಮ್ಮಗಳು ಶ್ರೀಯಾ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ, "ಪಾಪ ಲಾ. ಜಸ್ಟ್ ಒಂದು ಚೂರು ಕೊಟ್ಟಿದ್ರೆ ಏನಾಗ್ತಿತ್ತು?" ಅಂದಳು.

"ರೂಲ್ಸ್ ಇರುತ್ತೆ ಮಗಾ," ಅಂದೆ.

"ಯು ಸೌಂಡ್ ಲೈಕ್ ಹಿಮ್, ಅಮ್ಮಾ," ಎಂದು ನಕ್ಕಳು.

ಅಪ್ಪನ ಕೊನೆಯ ಮಧ್ಯಾಹ್ನ ನೀನು ಪೂಜೆಯ ಉದ್ಧರಣೆಯಲ್ಲಿ ತುಳಸಿ ನೀರು ಹಿಡಿದು ಹಾಸಿಗೆಯ ಬಳಿ ನಿಂತಿದ್ದೆ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆಂದು ನಾನು ನಿನ್ನ ಕೈ ತಡೆದೆ. ಡಾಕ್ಟರ್ ಮಗಳ ಮಾತೆಂದು ನೀನು ನಂಬಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಅಪ್ಪನಿಗೆ ಇನ್ನು ಒಂದು ಗಂಟೆಯೂ ಇಲ್ಲವೆಂದು, ತುಟಿಗೆ ಒಂದು ಹನಿ ಸವರಬಹುದೆಂದು ನನಗೆ ಗೊತ್ತಿತ್ತು. ನೀನು ನೀರನ್ನು ಕಿಟಕಿಯ ಕುಂಡಕ್ಕೆ ಬಿಟ್ಟು, ಉದ್ಧರಣೆಯನ್ನು ಸೆರಗಿನಲ್ಲಿ ಒರೆಸಿದೆ.

ನೀನು ಹೋದ ದಿನ ನಾನು ಇಲ್ಲಿ ಪಾಠ ಮಾಡುತ್ತಿದ್ದೆ. ನಿನ್ನ ಬಾಯಿಗೆ ನೀರು ಬಿಟ್ಟವರು ಯಾರೆಂದು, ಆಗ ನಿನ್ನ ಹತ್ತಿರವಿದ್ದ ವಾಸಂತಿ ಚಿಕ್ಕಮ್ಮನನ್ನು ನಾನು ಇನ್ನೂ ಕೇಳಿಲ್ಲ.