ಬೇಡ ಎಂದ ಗುಡ್ಡ

ಮಾತು ಬಿಟ್ಟು ಕೂತಿರುವ ಅಪ್ಪನಿಗೆ,

ಅಮ್ಮನ ಮೂಲಕ ನೀವು ಹೇಳಿ ಕಳಿಸಿದ್ದು ತಲುಪಿತು. 'ತಪ್ಪಾಯ್ತು ಅಂತ ಒಂದು ಮಾತು ಹೇಳಲಿ, ಮನೆಗೂ ಬರಲಿ, ಕಂಪನಿಗೂ ಬರಲಿ.' ಅಪ್ಪಾ, ನಾನು ಆ ಮಾತು ಹೇಳುವುದಿಲ್ಲ. ಗುಡ್ಡದ ಮೇಲೆ ನಡೆದದ್ದನ್ನು ನೀವು ಕೇಳಿದ್ದು ಮೇಸ್ತ್ರಿ ಮಾಮನ ಬಾಯಿಂದ. ಅವರು ಉಪ್ಪುಖಾರ ಹಚ್ಚದೆ ಯಾವ ಸುದ್ದಿಯನ್ನೂ ತಂದವರಲ್ಲ. ಈಗ ನನ್ನ ಬಾಯಿಂದಲೂ ಕೇಳಿ.

ಗುಡ್ಡದ ಮೇಲೆ ಆಸ್ಪತ್ರೆ ಕಟ್ಟುವ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಾಗ ನೀವೆಷ್ಟು ಹಿಗ್ಗಿದ್ದಿರಿ! ಗುಡ್ಡದ ಮೂಲನಿವಾಸಿಗಳಿಗೆ ಹತ್ತಿರದಲ್ಲಿ ಒಬ್ಬ ವೈದ್ಯರೂ ಇಲ್ಲ, ಇದು ಪುಣ್ಯದ ಕೆಲಸ ಎಂದಿರಿ. ನಾನೂ ನಂಬಿದೆ. ಇಲಾಖೆಯವರು ನಕ್ಷೆಯಲ್ಲಿ ಒಂದು ಸಮತಟ್ಟು ಜಾಗಕ್ಕೆ ಗೆರೆ ಎಳೆದು ಕೊಟ್ಟಿದ್ದರು. ಮಣ್ಣು ಅಗೆಯುವ ಯಂತ್ರ ಇಳಿಸಿದ ಬೆಳಿಗ್ಗೆ ಅಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಕೂಗಾಟವಿಲ್ಲ, ಘೋಷಣೆಯಿಲ್ಲ. ಒಬ್ಬಾಕೆ ಮಗಳ ತಲೆ ಬಾಚುತ್ತಿದ್ದಳು. ನಿಮಗೆ ಫೋನು ಮಾಡಿದೆ. 'ಆ ಜನರ ಒಳ್ಳೇದಕ್ಕೆ ತಾನೇ ಕಟ್ತಿರೋದು? ಪೊಲೀಸರನ್ನ ಕರೆಸು, ಪಾಯ ತೋಡಿಸು' ಎಂದಿರಿ.

ನಾನು ಯಂತ್ರ ನಿಲ್ಲಿಸಿಬಿಟ್ಟೆ. ಮೇಸ್ತ್ರಿ ಮಾಮ ನನಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿದರು.

ಆ ಹೆಂಗಸರಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಕೇಳೋಕೆ ಬಂದ್ಯಾ, ಹೇಳೋಕೆ ಬಂದ್ಯಾ?' ಎಂದರು. ಕೇಳೋಕೆ ಎಂದೆ. 'ಹಾಗಾದ್ರೆ ಈ ಜಾಗ ಬೇಡ.' ಕಾರಣ ಕೇಳಿದೆ. 'ನೀನು ಮಲಗೋ ಕೋಣೆಗೆ ನಾನು ಟೇಪು ಹಿಡ್ಕೊಂಡು ಬಂದ್ರೆ, ಯಾಕೆ ಬೇಡ ಅಂತ ನಂಗೆ ವಿವರಿಸ್ತಾ ಕೂರ್ತೀಯಾ?' ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆ ಜಾಗದಲ್ಲಿ ಏನಿದೆಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ ಅಪ್ಪಾ. ಮತ್ತೆ ಕೇಳಿಯೂ ಇಲ್ಲ.

ಯಂತ್ರವನ್ನು ಲಾರಿಗೇರಿಸಿ ಕೆಳಗೆ ತಂದೆ. ಅಂದು ಆಫೀಸಿನಲ್ಲಿ ನೀವು ಮೇಜು ಗುದ್ದಿದ ರಭಸಕ್ಕೆ ಚಹಾದ ಲೋಟ ಉರುಳಿತು. 'ಕೇಳೋದು ಅಂದ್ರೆ ಒಪ್ಪಿಸೋದು ಕಣೇ! ಅಷ್ಟೂ ಗೊತ್ತಾಗಲ್ವಾ?' ಗುಮಾಸ್ತರು ತಲೆ ಎತ್ತಲಿಲ್ಲ. ನಿಮ್ಮ ಆ ಮಾತಿಗೆ ಉತ್ತರ ಈಗ ಕೊಡುತ್ತೇನೆ: ಬೇಡ ಎನ್ನಲು ಬಿಡದೆ ಕೇಳುವುದು ಕೇಳುವುದೇ ಅಲ್ಲ. ಅಂದು ನೀವು 'ಹೊರಗೆ ನಡಿ' ಎಂದಿರಿ. ನಡೆದೆ.

ಆಮೇಲಿನದ್ದು ನಿಮಗೆ ತಿಳಿದಿರಲಿಕ್ಕಿಲ್ಲ. ಗುಡ್ಡದ ಶಾಲೆಯ ಸೂರು ಸೋರುತ್ತಿತ್ತು. ಊರವರನ್ನು ಕೇಳಿಕೊಂಡೇ ಹೋಗಿ, ಅವರೊಡನೆ ಸೇರಿ ರಿಪೇರಿ ಮಾಡಿದೆ. ಆಸ್ಪತ್ರೆಯ ಮಾತೆತ್ತಲಿಲ್ಲ. ಆದರೂ ದೊಡ್ಡಮ್ಮನ ತಮ್ಮ, 'ಅವರಪ್ಪನೇ ಕಳಿಸಿರ್ತಾನೆ, ನಂಬಬೇಡಿ' ಎಂದು ನನ್ನೆದುರೇ ಹೇಳಿದರು. ಅಲ್ಲಿ ನಿಮ್ಮ ಹೆಸರು ಅಷ್ಟು ಚೆನ್ನಾಗಿದೆ! ಮರುವರ್ಷ ಅದೇ ತಮ್ಮನೇ ಬಂದು ಕರೆದರು. ಊರವರೆಲ್ಲ ಸೇರಿ ತೀರ್ಮಾನಿಸಿದ್ದರು. 'ಆಸ್ಪತ್ರೆ ನಮಗೂ ಬೇಕು. ಎಲ್ಲಿ ಅಂತ ನಾವು ಹೇಳ್ತೀವಿ, ಹೇಗೆ ಅಂತ ನೀನು ಹೇಳು.'

ಯಂತ್ರ ಹಿಂದೆ ಬಂದ ಮೇಲೆ ನೀವು ಕೈಬಿಟ್ಟ ಕೆಲಸದ ಕಡತ ಇಲಾಖೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಗುಡ್ಡದವರೂ ನಾನೂ ಸೇರಿ ಸಂಸ್ಥೆ ಕಟ್ಟಿದೆವು, ಅರ್ಧ ಅವರದು, ಅರ್ಧ ನನ್ನದು. ಅವರು ಕೂಲಿಗಳಷ್ಟೇ ಅಲ್ಲ, ಉಸ್ತುವಾರಿಯೂ ಅವರದೇ. ಸುತ್ತಲಿನ ಕಾಡಿನ ಒಂದು ಮರಕ್ಕೆ ಕೈಹಾಕಬೇಕಾದರೂ ಅವರ ಒಪ್ಪಿಗೆ ಬೇಕು. ಹೊಸ ಜಾಗಕ್ಕೆ ಒಪ್ಪಿಗೆ ಪಡೆಯಲು ಹೋದಾಗ ಇಲಾಖೆಯ ಸಾಹೇಬರು ದೊಡ್ಡಮ್ಮನಿಗೆ ಗೋಡೆ ಬದಿಯ ಬೆಂಚು ತೋರಿಸಿದರು. ಅವರು ಸಾಹೇಬರ ಎದುರಿನ ಕುರ್ಚಿಯನ್ನೇ ಎಳೆದು ಕೂತರು, ಸಹಿ ಬೀಳುವವರೆಗೂ ಏಳಲಿಲ್ಲ.

ಎಲ್ಲವೂ ಸಲೀಸಾಗಿತ್ತೆಂದು ಹೇಳಲಾರೆ. ಹೊಳೆಯ ಹತ್ತಿರ ದಾದಿಯರ ಮನೆಗಳನ್ನು ಕಟ್ಟೋಣವೆಂದಾಗ ಮತ್ತೆ ಬೇಡ ಎಂದರು. ಇಷ್ಟು ದಿನ ದುಡಿದ ಮೇಲೂ ಬೇಡವೇ ಎಂದು ರೇಗಿತು, ನಿಮ್ಮ ಮಗಳಲ್ಲವೇ? ದುಮುದುಮು ಎನ್ನುತ್ತಾ ನನ್ನ ಬಾಡಿಗೆ ಕೋಣೆಗೆ ಬಂದು, ಮಾರನೆಯ ದಿನ ಬೇರೆ ನಕ್ಷೆ ಬರೆದೆ. ಈಗ ಆಸ್ಪತ್ರೆ ನಡೆಯುತ್ತಿದೆ. ಪಾಯದಿಂದ ಸೂರಿನವರೆಗೆ ಅಲ್ಲಿ ಯಾರಿಗೂ ಅವಮಾನ ಮಾಡಿ ಇಟ್ಟ ಒಂದು ಕಲ್ಲೂ ಇಲ್ಲ. ಇದನ್ನು ತಪ್ಪಾಯ್ತು ಎನ್ನಲೇ?

ಗುಡ್ಡದ ಆಚೆ ಬದಿಯ ರಸ್ತೆ ಕೆಲಸ ನಿಮಗೆ ಸಿಕ್ಕಿದೆಯಂತೆ. ಯಂತ್ರ ಕಳಿಸುವ ಮೊದಲು ನೀವೇ ಬನ್ನಿ, ನಡೆದು ಬನ್ನಿ, ಕೇಳಿ. ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ಒಂದು ಮಾತು ಈಗಲೇ ತಿಳಿದಿರಲಿ: ಆ ಮಾತುಕತೆಯ ದಿನ ನಾನು ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ ಅಪ್ಪಾ. ನಿಮ್ಮ ಎದುರು ಕೂರುತ್ತೇನೆ.

ನಿಮ್ಮ ಮೊಣಕಾಲಿಗೆ ಗುಡ್ಡ ಹತ್ತುವಷ್ಟು ಬಲ ಬರಲಿ.

ನಿಮ್ಮ ಹಠವನ್ನೇ ಹೊತ್ತು ಹುಟ್ಟಿದ,
ಮಗಳು