ಸಾಯುವ ದೃಶ್ಯಕ್ಕೆ ನಗು

ಅಬಿಟಿಬಿ, ಫೆಬ್ರವರಿ 1956

ಪ್ರೀತಿಯ ಅಕ್ಕ,

ಈ ಗಣಿ ಊರಿನವರ ಸಹವಾಸ ಸಾಕಾಯಿತು. ನಮ್ಮಪ್ಪನ ಕೊನೆಯ ದಿನವನ್ನು ನಾಟಕವಾಗಿ ಬರೆದು, ಅಪ್ಪನ ಪಾತ್ರವನ್ನು ನಾನೇ ಮಾಡುತ್ತಿದ್ದೇನಲ್ಲ, ಮಾಂಟ್ರಿಯಲ್‌ನಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತಿದ್ದರು. ಇಲ್ಲಿ, ಸಾಯುತ್ತ ಮಲಗಿದವನು ಪಾದ್ರಿಗೆ "ಬೂಟಿನ ಹಿಮ ಕೊಡವ್ಕೊಂಡು ಬನ್ನಿ ಫಾದರ್, ನನ್ ಹೆಂಡ್ತಿ ಈಗಷ್ಟೇ ನೆಲ ಒರೆಸಿದಾಳೆ" ಎಂದ ಕೂಡಲೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು! ಅಪ್ಪ ನಿಜವಾಗಿ ಆಡಿದ ಮಾತದು. ನೀನೂ ಅಲ್ಲೇ ಇದ್ದೆ.

ನಮ್ಮ ತಂಡದ ಯಜಮಾನ ಒರ್ಮಿಡಾಸ್ ಮರುದಿನವೇ ಊರ ಗೋಡೆಗಳ ಮೇಲೆ "ಹಾಸ್ಯ ನಾಟಕ" ಎಂದು ಅಂಟಿಸಿಬಿಟ್ಟ. ಜಗಳಕ್ಕೆ ಹೋದರೆ, "ಇಷ್ಟು ವರ್ಷ ಅಳಿಸಿ ಏನ್ ಕಡಿದು ಕಟ್ಟೆ ಹಾಕ್ದೆ? ಸುಮ್ನೆ ನಗಿಸಯ್ಯ" ಎಂದ. ಸಿಟ್ಟಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಾಗ ಒಬ್ಬ ಹೆಂಗಸು ಬಂದು ಕೈ ಹಿಡಿದುಕೊಂಡಳು. "ನಮ್ ಯಜಮಾನ್ರೂ ಹೀಗೇ ಗದರೋರು ಕಣಪ್ಪ. ಗಣಿ ಕುಸಿದು ಹೋದ್ರು. ಆಮೇಲೆ ನಾನು ನಕ್ಕಿದ್ದು ಇದೇ ಮೊದಲು." ಇಂಥವರ ಹತ್ತಿರ ಏನೆಂದು ವಾದ ಮಾಡುವುದು, ಹೇಳು!

ಗಂಟಲು ಕಟ್ಟಿದೆ, ಜೇನು ನೆಕ್ಕುತ್ತಿದ್ದೇನೆ, ಜ್ವರವಿಲ್ಲ. ಕಾಗದದಲ್ಲಿ ಜಾಗ ಮುಗಿಯಿತು. ಅಮ್ಮನಿಗೆ ಹೇಳಬೇಡ, ಇವತ್ತಿನ ಆಟದಲ್ಲಿ ಜನ ನಕ್ಕು ಮುಗಿಸಲಿ ಎಂದು ನಾನು ಸ್ವಲ್ಪ ತಡವಾಗಿ ಸತ್ತೆ.

ನಿನ್ನ ತಮ್ಮ,
ಎಲ್ಜೆಯಾರ್