ಸಮಪಾಲಿನ ಮಾತ್ರೆ

ಫೆಬ್ರವರಿ 3, ಸ್ಫಾಕ್ಸ್

ಆಸ್ಪತ್ರೆಯ ಔಷಧ ಪ್ರಯೋಗದ ಬೆಳಗಿನ ಮಾತ್ರೆ ನುಂಗಿದೆ. ಬಾಯಿ ಒಣಗಿದೆ. ಖಿನ್ನತೆಗೆ ಎರಡು ಔಷಧ ಸೇರಿಸಿದ ಹೊಸ ಮಾತ್ರೆ ಒಂದು ಗುಂಪಿಗೆ, ರೂಢಿಯ ಹಳೆಯದು ಇನ್ನೊಂದಕ್ಕೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ — ಡಾಕ್ಟರ್ ಸೋನ್ಯಾಗೂ ಗೊತ್ತಿಲ್ಲವಂತೆ. ಬಡವರ ಮೇಲೆ ಲಾಟರಿ! ಔಷಧ ಕಂಪನಿಗಳ ಬಗ್ಗೆ ಕರಪತ್ರಗಳಲ್ಲಿ ಓದಿದ್ದು ಸುಳ್ಳಲ್ಲ. ಆದರೂ ಸಹಿ ಹಾಕಿದೆ. ಹೇಗಾದರೂ ಹಾಸಿಗೆ ಬಿಟ್ಟು ಏಳಬೇಕಿತ್ತು...

ಫೆಬ್ರವರಿ 21

ಎದುರು ಮನೆಯ ಮಬ್ರೂಕಾ ಖಾಲಾ ಕೂಡ ಇದೇ ಪ್ರಯೋಗದಲ್ಲಿದ್ದಾರೆ. ಗಂಡ ಸತ್ತ ಮೇಲೆ ಮಾತೇ ಬಿಟ್ಟಿದ್ದವರು. ಇವತ್ತು ಮೀನಿನವನ ಮೇಲೆ ಎಗರಿದರು. "ಇದು ಮೀನಾ, ನಿಮ್ಮಜ್ಜನ ಚಪ್ಪಲಿನಾ?" ಬೀದಿಯೆಲ್ಲ ನಕ್ಕಿತು. ನನಗೆ ಅಂಥ ಬದಲಾವಣೆ ಏನಿಲ್ಲ. ಹೊಸದು ಅವರಿಗೇ ಬಿದ್ದಿದೆ. ಖಂಡಿತ.

ಮಾರ್ಚ್ 2, ಇಫ್ತಾರ್ ಆದ ಮೇಲೆ

ರಂಜಾನ್. ಎದುರು ಮನೆಯಿಂದ ಬಂದ ಬಟ್ಟಲು ಖಾಲಿ ಹಿಂದಿರುಗುವಂತಿಲ್ಲ. ನಮ್ಮ ಸೂಪು ತುಂಬಿ ಕೊಂಡೊಯ್ದೆ.

"ಖಾಲಾ, ಊಟ ಹಂಚ್ಕೋತೀವಿ. ಔಷಧ ಯಾಕೆ ಹಂಚ್ಕೋಬಾರ್ದು?"

"ಶುರುವಾಯ್ತು ನಿನ್ನ ಭಾಷಣ! ತಗೋ ಮಗಳೇ, ನಿನಗಿಂತ ಮಾತ್ರೆ ಹೆಚ್ಚಾ?"

ಒಂದು ದಿನ ಅವರವರ ಡಬ್ಬಿ, ಮರುದಿನ ಅದಲುಬದಲು. ಲಾಟರಿ ಸೋತಿತು!

ಮಾರ್ಚ್ 24

ಖಾಲಾರ ಕಿಟಕಿ ಮುಚ್ಚಿಯೇ ಇದೆ. ಒಳಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಹೋಗು ಮಗಳೇ, ನಿದ್ದೆ ಬರ್ತಿದೆ."

ಬಗ್ಗಿ ನೋಡಿದೆ. ಕಣ್ಣು ತೆರೆದೇ ಇತ್ತು.

ಡಾಕ್ಟರಿಗೆ ಅದಲುಬದಲಿನ ವಿಷಯ ಹೇಳಿದರೆ ಇಬ್ಬರನ್ನೂ ಪ್ರಯೋಗದಿಂದ ತೆಗೆಯುತ್ತಾರೆ. ಹೇಳದಿದ್ದರೆ...

ಮಾರ್ಚ್ 25

ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಅದೇ ಕಷ್ಟವಾಯಿತು. ಖಾಲಾಗೆ ಮುಂದೆ ಏನು ಕೊಡಬೇಕೆಂದು ತಿಳಿಯಲು, ಯಾರಿಗೆ ಯಾವ ಔಷಧ ಎಂಬ ಗುಟ್ಟಿನ ಪಟ್ಟಿಯನ್ನು ತೆರೆಸಿದರು. ಖಾಲಾರ ಡಬ್ಬಿಯಲ್ಲಿದ್ದುದು ಹಳೆಯದು! ಹೊಸದು ನನ್ನದರಲ್ಲಿ.

"ಅಂದ್ರೆ ಹಳೇದರಲ್ಲೇ ಅವರು ಎದ್ದು ಕೂತಿದ್ರಾ?"

"ಕೆಲವರಿಗೆ ಅದೇ ಹಿಡಿಯತ್ತೆ, ರಿಹಾಬ್. ಯಾವುದು ಎಷ್ಟು ಜನಕ್ಕೆ ಹಿಡಿಯತ್ತೆ ಅಂತ ತಿಳಿಯೋಕೇ ಇಷ್ಟೆಲ್ಲ."

ಹೊಸದೇ ಮೇಲು ಎಂದು ನನಗೆ ಹೇಳಿದವರಾರು? ಯಾವ ಕರಪತ್ರವೂ ಅಲ್ಲ. ಕಂಪನಿಯನ್ನು ನಂಬದ ನಾನು, ಅದರ ಸರಕನ್ನು ಕಂಪನಿಗಿಂತ ಹೆಚ್ಚು ನಂಬಿದ್ದೆ.

ಮಾರ್ಚ್ 26, ಸಂಜೆ

ಆಸ್ಪತ್ರೆ ಕೊಟ್ಟ ಹಳೆಯ ಮಾತ್ರೆ ಹಿಡಿದು ಹೋದೆ. ಖಾಲಾ ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

"ನನ್ನದು ನೀನು ತಿಂದೆ, ನಿನ್ನದು ನಾನು ತಿಂದೆ. ಇಬ್ಬರೂ ಉಪವಾಸ!"

"ತಪ್ಪಾಯ್ತು ಖಾಲಾ."

"ಕೊಡು ಇಲ್ಲಿ. ಇನ್ನೊಂದು ಸಲ ಪಾಲು ಕೇಳು, ಕೈ ಮುರೀತೀನಿ."

ನಗಲಿಲ್ಲ. ಮಾತ್ರೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಉಪವಾಸ ಬಿಡುವ ಬಾಂಗಿಗೆ ಕಾಯುತ್ತ ಕೂತರು. ಮತ್ತೆ ಹಿಡಿಯಲು ವಾರಗಟ್ಟಲೆ ಬೇಕಂತೆ. ಹಿಡಿಯದೆಯೂ ಹೋಗಬಹುದಂತೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.